ಪ್ರತಿಜೈವಿಕದ ಗಡಿ: ದುಂಡಾಣುವಿಗೆ ಸಲ್ಲುವ ಮದ್ದು ನಂಜಾಣುವಿಗೇಕೆ ಸಲ್ಲದು?

ಯಲಬುರ್ಗಾ ತಾಲ್ಲೂಕಿನ ಬೇವೂರಿನಂತಹ ಊರುಗಳಲ್ಲಿ ಮನುಷ್ಯರ ಔಷಧದಂಗಡಿ ಬೇರೆ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿ ಬೇರೆ. ಇಬ್ಬರ ಪರವಾನಗಿ ಬೇರೆ, ಇಬ್ಬರನ್ನೂ ತಪಾಸಣೆ ಮಾಡುವ ಇಲಾಖೆಗಳೂ ಬೇರೆ. ಆದರೆ ಎರಡೂ ಅಂಗಡಿಗಳ ಕಪಾಟಿನಲ್ಲಿ ಒಂದೇ ಮನೆತನಕ್ಕೆ ಸೇರಿದ ಸರಕೊಂದು ಇರುತ್ತ ಬಂದಿದೆ. ಅದೇ ಪ್ರತಿಜೈವಿಕ, ಅಂದರೆ ಆಂಟಿಬಯೋಟಿಕ್. ಗ್ರಾಹಕನ ಬೇಡಿಕೆಯೂ ಎರಡು ಕಡೆ ಒಂದೇ ಬಗೆಯದು: “ಸಾವ್ಕಾರ್ರ, ಚಲೋ ಜೋರ್ ಇರೋದು ಕೊಡ್ರಿ.” ಜ್ವರ ಯಾವುದು, ಬೆಳೆಗೆ ತಗುಲಿದ ರೋಗ ಯಾವುದು ಎಂಬ ವಿಚಾರಣೆ ನಂತರದ್ದು, ಹಲವೊಮ್ಮೆ ಅದು ನಡೆಯುವುದೇ ಇಲ್ಲ.

ಇದು ವೈದ್ಯರ ಮತ್ತು ವಿಜ್ಞಾನಿಗಳ ಸಂಗತಿ, ವಾಣಿಜ್ಯ ಪತ್ರಿಕೆಗೆ ಇದರಿಂದ ಆಗಬೇಕಾದುದೇನು ಎಂದು ಕೇಳುವವರು ಕೊಪ್ಪಳ ಜಿಲ್ಲೆಯ ಯಾವುದೇ ಕೃಷಿ ಪರಿಕರ ವ್ಯಾಪಾರಿಯ ಉದ್ರಿ ಪುಸ್ತಕವನ್ನು ತೆರೆದು ನೋಡಬಹುದು. ಇಲ್ಲಿನ ‘ಎಣ್ಣೆ’ಯ ವ್ಯಾಪಾರ ಬಹುಪಾಲು ಸುಗ್ಗಿಯ ವಾಯಿದೆಯ ಮೇಲೆ ನಡೆಯುವಂಥದ್ದು. ತಪ್ಪು ರೋಗಕ್ಕೆ ತಪ್ಪು ಮದ್ದು ಸಂದರೆ ರೈತನ ಬೆಳೆ ಹೋಗುತ್ತದೆ. ಅದರ ಬೆನ್ನಿಗೇ ವ್ಯಾಪಾರಿಯ ಬಾಕಿಯೂ ಹೋಗುತ್ತದೆ. ಮುಳುಗಿದ ಬಾಕಿಯೆಂದು ಲೆಕ್ಕದಲ್ಲಿ ಬರೆದುಹಾಕಿದರೆ ಆದಾಯ ತೆರಿಗೆಯಲ್ಲಿ ಒಂದಿಷ್ಟು ಕಡಿತ ದೊರೆಯಬಹುದು, ಅಸಲು ಮಾತ್ರ ಮರಳಿ ಬಾರದು.

ದಾಳಿಂಬೆಯ ಪಾಠ

ಕುಷ್ಟಗಿ, ಯಲಬುರ್ಗಾ, ಕೊಪ್ಪಳ ತಾಲ್ಲೂಕುಗಳ ಕೆಂಪು ಭೂಮಿಯಲ್ಲಿ ಹನಿ ನೀರಾವರಿಯನ್ನು ನಂಬಿ ದಾಳಿಂಬೆ ಹಬ್ಬಿದ ಬಗೆ ಈ ಭಾಗದ ವರ್ತಕರಿಗೆ ತಿಳಿಯದ ವಿಷಯವಲ್ಲ. ಬ್ಯಾಂಕುಗಳು ಸಾಲ ನೀಡಿದವು. ಪೈಪು, ಗೊಬ್ಬರ, ಔಷಧ, ರಟ್ಟಿನ ಪೆಟ್ಟಿಗೆ, ಲಾರಿ ಬಾಡಿಗೆ ಹೀಗೆ ಹತ್ತು ವ್ಯವಹಾರಗಳು ಅದರ ಸುತ್ತ ಬೆಳೆದವು. 2000ದ ದಶಕದಲ್ಲಿ ಈ ತೋಟಗಳ ಮೇಲೆ ದುಂಡಾಣು ಅಂಗಮಾರಿ ರೋಗ ಎರಗಿತು. ಬಾಗಲಕೋಟೆ, ವಿಜಯಪುರಗಳಲ್ಲಿಯೂ, ಗಡಿಯಾಚೆಯ ಸೊಲ್ಲಾಪುರದಲ್ಲಿಯೂ ಇದೇ ಕಥೆ. ಎಲೆಯ ಮೇಲೆ ಮೊದಲು ನೀರು ಹೀರಿದಂತಹ, ಎಣ್ಣೆ ಸವರಿದಂತಹ ಚುಕ್ಕೆ ಕಾಣುತ್ತದೆ. ಮಹಾರಾಷ್ಟ್ರದ ರೈತರು ಈ ಕಾರಣದಿಂದಲೇ ಇದನ್ನು ‘ತೇಲ್ಯಾ’ ಎಂದು ಕರೆದರು. ಅನಂತರ ಗಿಣ್ಣುಗಳು ಕಪ್ಪಾಗಿ ಬಿರಿಯುತ್ತವೆ. ಹಣ್ಣಿನ ಮೇಲೆ ಮೂಡಿದ ಕಲೆ ಸೀಳು ಬಿಡುತ್ತದೆ. ಸೀಳಿದ ಹಣ್ಣನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ.

ಈ ರೋಗದ ಕಾರಣ ಕ್ಸಾಂಥೋಮೋನಾಸ್ ಕುಲದ ಒಂದು ಬ್ಯಾಕ್ಟೀರಿಯಾ, ಕೃಷಿ ಇಲಾಖೆಯ ಭಾಷೆಯಲ್ಲಿ ದುಂಡಾಣು. ಭಾರತದಲ್ಲಿ ಇದನ್ನು ಮೊದಲು ವರದಿ ಮಾಡಿದ್ದು 1952ರಲ್ಲಿ. ಅರ್ಧ ಶತಮಾನ ಅದು ಸಣ್ಣ ರೋಗವಾಗಿಯೇ ಉಳಿದಿತ್ತು. ಒಂದೇ ಬೆಳೆ ಊರಿಂದೂರಿಗೆ ಹಬ್ಬಿದಾಗ, ರೋಗವಿದ್ದ ಗಿಡದಿಂದ ತೆಗೆದ ಸಸಿಗಳು ಲಾರಿಯಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಸಾಗಿದಾಗ, ದುಂಡಾಣುವೂ ಬಾಡಿಗೆ ಕೊಡದೆ ಜೊತೆಯಲ್ಲಿ ಪ್ರಯಾಣ ಮಾಡಿತು. ಮಳೆಹನಿಯ ಸಿಡಿತ ಮತ್ತು ಚಾಟನಿಯ ಕತ್ತರಿ ಉಳಿದ ಕೆಲಸವನ್ನು ಪೂರೈಸಿದವು.

ಆಗ ರೈತರ ಕೈಗೆ ಬಂದದ್ದು 6 ಗ್ರಾಂ ತೂಕದ ಒಂದು ಸಣ್ಣ ಪೊಟ್ಟಣ. ಸ್ಟ್ರೆಪ್ಟೋಸೈಕ್ಲಿನ್ ಎಂಬ ಹೆಸರಿನ ಈ ಪುಡಿಯಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಚಿಕಿತ್ಸೆಗೆ ಬಳಕೆಯಾದ ಪ್ರತಿಜೈವಿಕಗಳೇ. ಲೀಟರಿಗೆ ಅರ್ಧ ಗ್ರಾಂ ಎಂಬ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಒಂದು ಪೊಟ್ಟಣ 12 ಲೀಟರಿಗೆ ಸಾಕು. ಎಕರೆಗೆ 200 ಲೀಟರ್ ದ್ರಾವಣವೆಂದು ಇಟ್ಟುಕೊಂಡರೆ ಒಂದು ಸಿಂಪರಣೆಗೆ 100 ಗ್ರಾಂ, ಅಂದರೆ ಸುಮಾರು 17 ಪೊಟ್ಟಣ. ಸಿಂಪರಣೆಯನ್ನು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಮತ್ತೆ ಮತ್ತೆ ಮಾಡಿದಾಗ ಖರ್ಚಿನ ಬಾಬ್ತು ಎಲ್ಲಿಗೆ ತಲುಪುತ್ತದೆಂದು ಓದುಗರೇ ಗುಣಿಸಿ ನೋಡಬಹುದು.

ದುಂಡಾಣು ರೋಗಕ್ಕೆ ದುಂಡಾಣು ನಾಶಕ, ತತ್ತ್ವತಃ ಇದು ಸರಿಯಾದ ಜೋಡಿ. ಆದರೂ ಫಲ ಪೂರ್ಣವಾಗಿರಲಿಲ್ಲ. ಪುಡಿ ಎಲೆಯ ಮೇಲ್ಮೈಯಲ್ಲಿ ಉಳಿಯುತ್ತದೆ. ಟೆಟ್ರಾಸೈಕ್ಲಿನ್ ಬಿಸಿಲಿಗೆ ಬೇಗ ಕೆಡುತ್ತದೆ. ಮಳೆ ಬಂದರೆ ತೊಳೆದುಹೋಗುತ್ತದೆ. ಕಾಂಡದ ಬಿರುಕಿನೊಳಗೆ ಅಡಗಿದ ದುಂಡಾಣುವಿನ ಬಳಿಗೆ ಅದು ಹೋಗಿ ಮುಟ್ಟುವುದು ಕಷ್ಟ.

ಇನ್ನು ತತ್ತ್ವದಲ್ಲಿಯೇ ತಪ್ಪಾದ ಜೋಡಿಯ ಮಾತು. ಇದೇ ಪುಡಿಯನ್ನು ಮೆಣಸಿನಕಾಯಿಯ ಎಲೆ ಮುಟುರು ರೋಗಕ್ಕೆ, ಬೆಂಡೆಯ ಹಳದಿ ನಂಜು ರೋಗಕ್ಕೆ, ತೊಗರಿಯ ಗೊಡ್ಡು ರೋಗಕ್ಕೆ ‘ಇದನ್ನೂ ಒಂದಿಷ್ಟು ಬೆರೆಸಿ ಹೊಡೆಯಿರಿ’ ಎಂದು ಕೊಡುವ ರೂಢಿಯಿದೆ. ಈ ಮೂರೂ ವೈರಸ್ ರೋಗಗಳು, ಕನ್ನಡದಲ್ಲಿ ನಂಜುರೋಗಗಳು. ಇವುಗಳ ಮೇಲೆ ಪ್ರತಿಜೈವಿಕ ಒಂದು ಗ್ರಾಂ ಹಾಕಿದರೂ ಒಂದೇ, ಒಂದು ಕಿಲೋ ಹಾಕಿದರೂ ಒಂದೇ.

ಸೂರ್ಯಕಾಂತಿಯ ಉದಾಹರಣೆ ಎಣ್ಣೆ ಗಿರಣಿಯವರಿಗೆ ಇನ್ನೂ ಹತ್ತಿರದ್ದು. 1997ರಲ್ಲಿ ಕರ್ನಾಟಕದ ಬಾಗೇಪಲ್ಲಿ ಭಾಗದಲ್ಲಿ ಮೊದಲು ಕಂಡುಬಂದ ಸೂರ್ಯಕಾಂತಿಯ ನೆಕ್ರೋಸಿಸ್ ರೋಗ ಕೆಲವೇ ವರ್ಷಗಳಲ್ಲಿ ದಕ್ಷಿಣದ ಸೂರ್ಯಕಾಂತಿ ಪ್ರದೇಶಗಳಿಗೆ ಹರಡಿತು. ಎಲೆ ಸುಟ್ಟಂತಾಗಿ, ತೆನೆ ತಿರುಚಿ, ಕಾಳು ಜೊಳ್ಳಾಗುವ ಈ ರೋಗವನ್ನು ಆರಂಭದಲ್ಲಿ ಹಲವರು ಶಿಲೀಂಧ್ರ ರೋಗವೆಂದೇ ಭಾವಿಸಿ ಔಷಧ ಹೊಡೆದರು. ಕಾರಣ ಒಂದು ವೈರಸ್ ಎಂದು ಆಮೇಲೆ ತಿಳಿಯಿತು. ರಸ್ತೆಬದಿಯ ಪಾರ್ಥೇನಿಯಂ ಕಳೆ ತಾನು ರೋಗದ ಲಕ್ಷಣ ತೋರದೆಯೇ ಆ ವೈರಸ್ಸನ್ನು ತನ್ನ ಪರಾಗದಲ್ಲಿ ಸಾಕಿಕೊಂಡಿರುತ್ತದೆ. ಥ್ರಿಪ್ಸ್ ನುಸಿ ಆ ಪರಾಗವನ್ನು ಸೂರ್ಯಕಾಂತಿಗೆ ತಲುಪಿಸುತ್ತದೆ. ಈ ಭಾಗದಲ್ಲಿ ಸೂರ್ಯಕಾಂತಿ ಕುಗ್ಗಲು ಬೆಲೆ, ಆಮದು, ಮಳೆ ಎಂಬ ಬೇರೆ ಕಾರಣಗಳೂ ಇದ್ದವು. ಆದರೂ ಈ ರೋಗದ ಪಾತ್ರವನ್ನು ಯಾರೂ ಅಲ್ಲಗಳೆಯಲಾರರು.

ಸ್ವಂತ ಕಾರ್ಖಾನೆ ಮತ್ತು ಜಾಬ್ ವರ್ಕ್

ಒಂದಕ್ಕೆ ಸಲ್ಲುವುದು ಇನ್ನೊಂದಕ್ಕೆ ಏಕೆ ಸಲ್ಲದು ಎಂಬುದು ಸಣ್ಣ ಕೈಗಾರಿಕೆ ನಡೆಸುವವರಿಗೆ ಬೇಗ ಅರ್ಥವಾಗುವಂಥದ್ದು. ಬ್ಯಾಕ್ಟೀರಿಯಾ ಎಂಬುದು ಎಷ್ಟೇ ಸಣ್ಣದಾದರೂ ಪೂರ್ಣ ಪ್ರಮಾಣದ ಕಾರ್ಖಾನೆ. ಅದಕ್ಕೆ ಆವರಣ ಗೋಡೆಯಿದೆ, ಒಳಗೆ ನಕ್ಷೆಯಿದೆ, ನಕ್ಷೆಯನ್ನು ಓದಿ ಪ್ರೋಟೀನು ತಯಾರಿಸುವ ರೈಬೋಸೋಮ್ ಎಂಬ ಯಂತ್ರಗಳಿವೆ. ಕಚ್ಚಾ ಮಾಲನ್ನು ತಾನೇ ತರಿಸಿಕೊಂಡು, ತನ್ನ ಯಂತ್ರದಲ್ಲಿಯೇ ಸರಕು ತಯಾರಿಸಿ, ಬೆಳೆದು ಎರಡಾಗುತ್ತದೆ.

ಪ್ರತಿಜೈವಿಕಗಳು ಈ ಕಾರ್ಖಾನೆಯ ಒಂದಲ್ಲ ಒಂದು ಭಾಗವನ್ನು ಹಿಡಿದು ನಿಲ್ಲಿಸುತ್ತವೆ. ಪೆನಿಸಿಲಿನ್ ಮತ್ತು ಅದರ ಬಂಧುಗಳಾದ ಅಮಾಕ್ಸಿಸಿಲಿನ್, ಸೆಫಲೋಸ್ಪೊರಿನ್‌ಗಳು ಗೋಡೆ ಕಟ್ಟುವ ಕೆಲಸಕ್ಕೆ ಅಡ್ಡಿಯಾಗುತ್ತವೆ. ಗಾರೆ ಕೂಡದ ಗೋಡೆ ಒಳಗಿನ ಒತ್ತಡ ತಾಳದೆ ಒಡೆಯುತ್ತದೆ. ಮನುಷ್ಯನ ಜೀವಕೋಶಕ್ಕೆ ಅಂತಹ ಗೋಡೆಯೇ ಇಲ್ಲವಾದ್ದರಿಂದ ನಮಗೆ ಆ ಏಟು ತಗಲುವುದಿಲ್ಲ. ಸ್ಟ್ರೆಪ್ಟೋಮೈಸಿನ್ ರೈಬೋಸೋಮಿಗೆ ಅಂಟಿಕೊಂಡು ಅದು ನಕ್ಷೆಯನ್ನು ತಪ್ಪಾಗಿ ಓದುವಂತೆ ಮಾಡುತ್ತದೆ. ಟೆಟ್ರಾಸೈಕ್ಲಿನ್ ಅದೇ ಯಂತ್ರಕ್ಕೆ ಕಚ್ಚಾ ಮಾಲು ಬರುವ ಬಾಗಿಲನ್ನು ಮುಚ್ಚುತ್ತದೆ. ನಮ್ಮ ಜೀವಕೋಶದಲ್ಲಿಯೂ ರೈಬೋಸೋಮ್ ಇದೆ, ಆದರೆ ಅದರ ರಚನೆ ಬೇರೆ. ಈ ವ್ಯತ್ಯಾಸದ ಮೇಲೆಯೇ ಇಡೀ ಪ್ರತಿಜೈವಿಕ ವೈದ್ಯ ನಿಂತಿದೆ. (ಗಿಡಗಳ ಹಸಿರಿನ ಕಣಗಳಲ್ಲಿರುವ ರೈಬೋಸೋಮ್ ದುಂಡಾಣುವಿನದನ್ನೇ ಹೋಲುತ್ತದೆ. ಸ್ಟ್ರೆಪ್ಟೋಮೈಸಿನ್ ಅತಿಯಾದಾಗ ಎಲೆ ಹಳದಿಗೆ ತಿರುಗುವುದು ಇದರಿಂದಲೇ. ‘ಡಬಲ್ ಡೋಸ್’ ಹೊಡೆದ ರೈತ ಹಳದಿ ಎಲೆ ಕಂಡು ರೋಗ ಹೆಚ್ಚಿತೆಂದು ಇನ್ನೊಂದು ಪೊಟ್ಟಣಕ್ಕೆ ಬಂದರೆ ವ್ಯಾಪಾರಿ ಇದನ್ನು ನೆನೆಯಬೇಕು.)

ವೈರಸ್ಸಿಗೆ ಕಾರ್ಖಾನೆಯೇ ಇಲ್ಲ. ಒಂದು ನಕ್ಷೆ, ಅದರ ಸುತ್ತ ಒಂದು ಪ್ರೋಟೀನಿನ ಹೊದಿಕೆ. ಕೆಲವಕ್ಕೆ ಹೊರಗೊಂದು ಕೊಬ್ಬಿನ ಪೊರೆ. ಗೋಡೆಯಿಲ್ಲ, ರೈಬೋಸೋಮ್ ಇಲ್ಲ, ಕಚ್ಚಾ ಮಾಲಿನ ದಾಸ್ತಾನಿಲ್ಲ. ಅದು ನಕ್ಷೆಯನ್ನು ಹಿಡಿದು ಪರರ ಕಾರ್ಖಾನೆಗೆ ನುಗ್ಗಿ, ಅಲ್ಲಿನ ಯಂತ್ರ, ಅಲ್ಲಿನ ವಿದ್ಯುತ್ತು, ಅಲ್ಲಿನ ಕಾರ್ಮಿಕರಿಂದಲೇ ತನ್ನ ಸರಕನ್ನು ಮಾಡಿಸಿಕೊಳ್ಳುತ್ತದೆ. ಬಿಲ್ಲೂ ಇಲ್ಲ, ಕೂಲಿಯೂ ಇಲ್ಲದ ಜಾಬ್ ವರ್ಕ್ ಇದು. ಆ ಕಾರ್ಖಾನೆ ಮನುಷ್ಯನ ಗಂಟಲಿನ ಜೀವಕೋಶವಾಗಿರಬಹುದು, ಮೆಣಸಿನ ಎಲೆಯ ಜೀವಕೋಶವಾಗಿರಬಹುದು. ದುಂಡಾಣುವಿನ ಯಂತ್ರವನ್ನು ನಿಲ್ಲಿಸಲೆಂದು ತಯಾರಾದ ಮದ್ದಿಗೆ ಇಲ್ಲಿ ನಿಲ್ಲಿಸಲು ಯಾವ ಯಂತ್ರವೂ ಸಿಗದು. ಓಡುತ್ತಿರುವ ಯಂತ್ರ ನಮ್ಮದೇ. ಅದನ್ನು ನಿಲ್ಲಿಸಿದರೆ ಹೋಗುವುದು ನಮ್ಮ ಜೀವ.

ಹಾಗೆಂದು ವೈರಸ್ಸಿಗೆ ಮದ್ದೇ ಇಲ್ಲವೆಂದಲ್ಲ. ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್‌ನಂಥವು ಆಯಾ ವೈರಸ್ಸಿಗೇ ವಿಶಿಷ್ಟವಾದ ಒಂದು ಹೆಜ್ಜೆಯನ್ನು ತಡೆಯುತ್ತವೆ. ಹೀಗಾಗಿ ಒಂದು ವೈರಸ್ಸಿನ ಮದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಸಲ್ಲದು. ಮನುಷ್ಯರಲ್ಲಿ, ಪಶುಗಳಲ್ಲಿ ದೊಡ್ಡ ರಕ್ಷಣೆ ಲಸಿಕೆಯದು. ಬೆಳೆಗಳಿಗೆ ಲಸಿಕೆಯೂ ಇಲ್ಲ, ಹೊಲದಲ್ಲಿ ಹೊಡೆದು ನಂಜುರೋಗವನ್ನು ಗುಣಪಡಿಸುವ ಔಷಧವೂ ಇಲ್ಲ.

ಇಲ್ಲಿ ಕರ್ನಾಟಕದ ಸಂಬಂಧವನ್ನೂ ಹೇಳಬೇಕು. ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ಶಾಟ್ಸ್ ಎಂಬ ತರುಣ ವಿದ್ಯಾರ್ಥಿಯ ಕೈಯಲ್ಲಿ, ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ದೊರೆಯಿತು. ಕ್ಷಯಕ್ಕೆ ದೊರೆತ ಮೊದಲ ಪರಿಣಾಮಕಾರಿ ಮದ್ದು ಅದು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲನೆಯದು ಹೊರಬಂದದ್ದು ಲೆಡರ್ಲೆ ಸಂಸ್ಥೆಯಲ್ಲಿ. ಅಲ್ಲಿ ಸಂಶೋಧನೆಯ ನೇತೃತ್ವ ವಹಿಸಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಅದರ ಸಂಶೋಧನಾ ವಿಭಾಗವನ್ನು ಮುನ್ನಡೆಸಿದ ಎಂ.ಜೆ. ತಿರುಮಲಾಚಾರ್ ಅವರು ಶಿಲೀಂಧ್ರಗಳ ವಿರುದ್ಧ ಕೆಲಸ ಮಾಡುವ ಹ್ಯಾಮೈಸಿನ್, ಬೆಳೆರೋಗಗಳಿಗಾಗಿ ಆರಿಯೋಫಂಗಿನ್ ಮುಂತಾದವನ್ನು ಹೊರತಂದರು. ಹ್ಯಾಮೈಸಿನ್ ಹೆಸರಿನ ಮೊದಲ ಅಕ್ಷರಗಳು ಆ ಸಂಸ್ಥೆಯ ಹೆಸರಿನಿಂದಲೇ ಬಂದವು. ಮುಂದೆ 1981ರಲ್ಲಿ ಅದೇ ಸಂಸ್ಥೆ ಮತ್ತು ರಾಜ್ಯದ ಕೈಗಾರಿಕಾ ಬಂಡವಾಳ ನಿಗಮ ಕೂಡಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಲಿಮಿಟೆಡ್ ಕಟ್ಟಿದವು.

ನಂಬಿಕೆ ಹೇಗೆ ಹುಟ್ಟುತ್ತದೆ

ವೈರಸ್ಸಿಗೆ ಪ್ರತಿಜೈವಿಕ ನಿಷ್ಫಲವಾದರೆ ಇಷ್ಟು ಜನ ಅದನ್ನು ಕೇಳಿ ಕೊಳ್ಳುವುದೇಕೆ? ನೆಗಡಿ, ಫ್ಲೂ ಮುಂತಾದ ಬಹುಪಾಲು ವೈರಸ್ ಜ್ವರಗಳು ಕೆಲವು ದಿನಗಳಲ್ಲಿ ದೇಹದ ಸ್ವಂತ ರಕ್ಷಣೆಯಿಂದಲೇ ಇಳಿಯುತ್ತವೆ. ಮೂರನೆಯ ದಿನ ಅಂಗಡಿಗೆ ಹೋಗಿ ಮಾತ್ರೆ ಕೊಂಡವನಿಗೆ ಐದನೆಯ ದಿನ ಜ್ವರ ಬಿಡುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುತ್ತದೆ. ಕೀರ್ತಿ ಮಾತ್ರೆಗೆ ಸಲ್ಲುತ್ತದೆ. 2006ರಲ್ಲಿ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಚಿಕೂನ್‌ಗುನ್ಯಾ ಮನೆಮನೆಗೂ ಹೊಕ್ಕು ಕೀಲು ಹಿಡಿಸಿದಾಗ ‘ಸೂಜಿ ಮಾಡಿಸಿಕೊಂಡು’ ಬಂದವರಿಗೆ ಲೆಕ್ಕವಿಲ್ಲ. ಅದೂ ವೈರಸ್ಸೇ. ಕೋವಿಡ್ ಕಾಲದಲ್ಲಿ ಅಜಿತ್ರೋಮೈಸಿನ್ ಮನೆಮಾತಾಯಿತು. ಬ್ರಿಟನ್ನಿನ ದೊಡ್ಡ ಪ್ರಯೋಗಗಳ ಫಲಿತಾಂಶ 2021ರಲ್ಲಿ ಪ್ರಕಟವಾದಾಗ ಅದರಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನ ಕಂಡುಬಂದಿರಲಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ವೈರಸ್ಸಿನಿಂದ ಸೋತ ದೇಹಕ್ಕೆ ಬೆನ್ನಲ್ಲೇ ದುಂಡಾಣು ಸೋಂಕು ತಗಲಬಹುದು. ಆಗ ವೈದ್ಯರು ಪ್ರತಿಜೈವಿಕ ಬರೆಯುವುದು ಸರಿಯೇ. 2022ರಲ್ಲಿ ರಾಜ್ಯದ ಜಾನುವಾರುಗಳನ್ನು ಚರ್ಮಗಂಟು ರೋಗ ಕಾಡಿದಾಗ ಪಶುವೈದ್ಯರು ಕೊಟ್ಟ ಪ್ರತಿಜೈವಿಕ ಒಡೆದ ಗಂಟುಗಳ ಹುಣ್ಣಿಗೇ ಹೊರತು ಮೂಲ ವೈರಸ್ಸಿಗಲ್ಲ. ಈ ನಿರ್ಣಯ ಪರೀಕ್ಷೆ ಮಾಡಿದ ವೈದ್ಯರದ್ದಾಗಬೇಕು, ಗಲ್ಲಾಪೆಟ್ಟಿಗೆಯ ಮುಂದೆ ಆಗತಕ್ಕದ್ದಲ್ಲ. ಟೈಫಾಯ್ಡ್, ಕ್ಷಯ, ನ್ಯುಮೋನಿಯಾದ ಹಲವು ಪ್ರಕರಣಗಳು ದುಂಡಾಣುವಿನವು. ಅಲ್ಲಿ ಮಾತ್ರೆ ತಪ್ಪಿಸಿದರೆ ಪ್ರಾಣಕ್ಕೇ ಅಪಾಯ.

ನಿಷ್ಫಲವಾದರೆ ಹಣವೊಂದೇ ತಾನೇ ಹೋಗುವುದು ಎಂದು ಹೇಳುವಂತಿಲ್ಲ. ವೈರಸ್ ಜ್ವರಕ್ಕೆ ನುಂಗಿದ ಮಾತ್ರೆ ವೈರಸ್ಸನ್ನು ಮುಟ್ಟದಿದ್ದರೂ ಕರುಳಿನಲ್ಲಿ, ಚರ್ಮದಲ್ಲಿ ವಾಸಿಸುವ ಕೋಟ್ಯಂತರ ದುಂಡಾಣುಗಳನ್ನು ಮುಟ್ಟುತ್ತದೆ. ಅವುಗಳಲ್ಲಿ ದುರ್ಬಲವಾದವು ಸಾಯುತ್ತವೆ, ತಾಳಿಕೊಂಡವು ಉಳಿದು ಹೆಚ್ಚುತ್ತವೆ. ಸ್ಟ್ರೆಪ್ಟೋಮೈಸಿನ್ ವಿಷಯದಲ್ಲಿ ರೈಬೋಸೋಮಿನ ಒಂದು ಪ್ರೋಟೀನಿನಲ್ಲಿ ಒಂದೇ ಒಂದು ಅಂಶ ಬದಲಾದರೆ ಸಾಕು, ಮದ್ದು ಅಂಟುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಹಣ್ಣಿನ ತೋಟಗಳಲ್ಲಿ ವರ್ಷಾನುಗಟ್ಟಲೆ ಸ್ಟ್ರೆಪ್ಟೋಮೈಸಿನ್ ಸಿಂಪಡಿಸಿದ ಬಳಿಕ 1970ರ ದಶಕದ ಆರಂಭದಲ್ಲಿಯೇ ಅದಕ್ಕೆ ಜಗ್ಗದ ರೋಗಾಣು ಕಾಣಿಸಿಕೊಂಡಿತು. ಕೆಲವು ದುಂಡಾಣುಗಳು ಇಂತಹ ನಿರೋಧ ಗುಣವನ್ನು ನೆರೆಯ ಬೇರೆ ಜಾತಿಯ ದುಂಡಾಣುವಿಗೆ ದಾಟಿಸಲೂ ಬಲ್ಲವು. ತೋಟದ ದುಂಡಾಣುವಿನ ಲೆಕ್ಕ ತೋಟದಲ್ಲೇ ಮುಗಿಯುವುದಿಲ್ಲ. 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಜಗ್ಗದ ದುಂಡಾಣು ಸೋಂಕುಗಳು ಜಗತ್ತಿನಲ್ಲಿ ನೇರವಾಗಿ ಸುಮಾರು 12.7 ಲಕ್ಷ ಸಾವುಗಳಿಗೆ ಕಾರಣವಾದವೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿದೆ.

ವರ್ತಕರು ಗಮನಿಸಬೇಕಾದ ಕಾನೂನು

ಔಷಧ ವ್ಯಾಪಾರಿಗಳಿಗೆ ಷೆಡ್ಯೂಲ್ ಎಚ್ ಹಳೆಯ ಸಂಗತಿ: ವೈದ್ಯರ ಚೀಟಿಯಿಲ್ಲದೆ ಮಾರಾಟವಿಲ್ಲ. 2013ರಲ್ಲಿ ಹೊರಟು 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಷೆಡ್ಯೂಲ್ ಎಚ್1 ಇನ್ನೂ ಬಿಗಿಯಾದುದು. ಮೂರನೆಯ ಪೀಳಿಗೆಯ ಸೆಫಲೋಸ್ಪೊರಿನ್‌ಗಳು, ಕ್ಷಯದ ಔಷಧಗಳು ಸೇರಿ 46 ಔಷಧಗಳನ್ನು ಆಗ ಅದರಲ್ಲಿ ಸೇರಿಸಲಾಯಿತು. ಇವುಗಳ ಮಾರಾಟಕ್ಕೆ ಪ್ರತ್ಯೇಕ ವಹಿ ಇಟ್ಟು, ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಪ್ರಮಾಣ ಇಷ್ಟನ್ನೂ ನಮೂದಿಸಿ ಮೂರು ವರ್ಷ ಕಾಯ್ದಿಡಬೇಕು. ಖರೀದಿ ಬಿಲ್ಲು ಮತ್ತು ದಾಸ್ತಾನಿನ ನಡುವಿನ ವ್ಯತ್ಯಾಸವನ್ನು ಈ ವಹಿ ತುಂಬಿಕೊಡದಿದ್ದರೆ ತಪಾಸಣೆಯ ದಿನ ಯಾವ ವಿವರಣೆಯೂ ನಿಲ್ಲದು.

ಕೋಳಿ ಸಾಕಣೆ ಮತ್ತು ಮೇವಿನ ವ್ಯವಹಾರದಲ್ಲಿರುವವರು 2019ರ ಜುಲೈ ತಿಂಗಳ ಅಧಿಸೂಚನೆಯನ್ನು ತಿಳಿದಿರಬೇಕು. ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ, ಮೀನುಗಳಿಗೆ ಮತ್ತು ಮೇವಿನ ಪೂರಕಗಳಲ್ಲಿ ಬಳಸಲು ಕೊಲಿಸ್ಟಿನ್ ತಯಾರಿಕೆ, ಮಾರಾಟಗಳನ್ನು ಅದು ನಿಷೇಧಿಸಿದೆ. ಕೋಳಿಗಳ ಕೊಕ್ಕರೆ ರೋಗವೂ (ರಾಣಿಖೇತ್) ವೈರಸ್ಸಿನದೇ. ಅದಕ್ಕೆ ಲಸಿಕೆಯೇ ದಾರಿ, ನೀರಿಗೆ ಬೆರೆಸಿದ ಪ್ರತಿಜೈವಿಕವಲ್ಲ.

ಕೃಷಿ ಪರಿಕರದವರ ವಿಷಯ ಇನ್ನೂ ನಾಜೂಕು. ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಮಿಶ್ರಣಕ್ಕೆ ಕೀಟನಾಶಕ ಕಾಯ್ದೆಯಡಿ ಅನುಮತಿ ದೊರೆತದ್ದು ಭತ್ತ, ಟೊಮೆಟೊ, ಆಲೂಗಡ್ಡೆ, ನಿಂಬೆ ಜಾತಿ, ಸೇಬು ಮೊದಲಾದ ಎಂಟು ಬೆಳೆಗಳಿಗೆ. ದಾಳಿಂಬೆ ಆ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಅತ್ಯಧಿಕವಾಗಿ ಹೊಡೆದವರು ದಾಳಿಂಬೆಯವರೇ! 2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಈ ಎರಡರ ಕೃಷಿ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶವನ್ನು ಪ್ರಕಟಿಸಿತು. ದಾಸ್ತಾನು ಮಾಡುವ ಮುನ್ನ ತಾಲ್ಲೂಕಿನ ಕೃಷಿ ಅಧಿಕಾರಿಗಳಿಂದ ಲಿಖಿತ ಮಾಹಿತಿ ಪಡೆಯುವುದು ವಿವೇಕ. ಪ್ರತಿ ಮಾರಾಟಕ್ಕೂ ಬಿಲ್ಲು ಕಡ್ಡಾಯವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಎತ್ತಿಹಿಡಿದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಾದರೋ, ತಯಾರಕ ಕೊಡದ ಭರವಸೆಯನ್ನು ಮಾರಾಟಗಾರ ತಾನಾಗಿ ಕೊಟ್ಟಿದ್ದರೆ ಅವನನ್ನೂ ಹೊಣೆಗಾರನನ್ನಾಗಿಸುತ್ತದೆ. ‘ಇದನ್ನು ಹೊಡೀರಿ, ಮುಟುರು ಹೋಗ್ತದ’ ಎಂಬ ಒಂದು ಮಾತು ಅಂತಹ ಭರವಸೆಯೇ ಆದೀತು.

ಹಾಗಾದರೆ ಅಂಗಡಿಯಲ್ಲಿ ಕುಳಿತವನು ಏನು ಹೇಳಬೇಕು? ಮೊದಲು ರೋಗದ ಜಾತಿ ತಿಳಿಯಬೇಕು. ಟೊಮೆಟೊ, ಬದನೆ ಗಿಡ ಹಸಿರಾಗಿರುವಾಗಲೇ ಸೊರಗಿದರೆ ಕಾಂಡವನ್ನು ಕತ್ತರಿಸಿ ತಿಳಿನೀರಿನ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ಹಿಡಿಯಬೇಕು; ಕೆಲವು ನಿಮಿಷಗಳಲ್ಲಿ ಹಾಲಿನಂತಹ ಎಳೆ ಇಳಿದರೆ ಅದು ದುಂಡಾಣು. ಎಣ್ಣೆಯ ಚುಕ್ಕೆ, ನೀರು ಹೀರಿದ ಕಲೆಗಳೂ ಅದರತ್ತಲೇ ಬೆರಳು ತೋರುತ್ತವೆ. ಎಲೆ ಮುಟುರಿ, ಹಳದಿ ಹಸಿರು ಚಿತ್ತಾರ ಮೂಡಿ, ಗಿಡ ಕುಬ್ಜವಾಗಿ, ಜೊತೆಗೆ ಬಿಳಿ ನೊಣವೋ ನುಸಿಯೋ ಇದ್ದರೆ ನಂಜುರೋಗದ ಶಂಕೆ ಬಲವಾಗುತ್ತದೆ. ಸಂದೇಹವಿದ್ದರೆ ಎಲೆಯ ಮಾದರಿಯನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕಾಗಲಿ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕಾಗಲಿ ಕಳಿಸಬಹುದು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಆರಂಭಿಸಿದ ‘ದೇಸಿ’ ಡಿಪ್ಲೊಮಾ ಇರುವುದು ಪರಿಕರ ವ್ಯಾಪಾರಿಗಳಿಗೆ ಇದನ್ನೆಲ್ಲ ಕಲಿಸಲೆಂದೇ.

ದಾಳಿಂಬೆಯಲ್ಲಿ ಇಂದು ಫಲ ಕೊಡುತ್ತಿರುವುದು ಪೊಟ್ಟಣಕ್ಕಿಂತ ಶಿಸ್ತು. ರೋಗರಹಿತ ಸಸಿ, ಮಳೆಗಾಲದ ಮೃಗ ಬಹಾರಕ್ಕೆ ಬದಲಾಗಿ ಹಸ್ತ ಬಹಾರ, ಕೊಯ್ಲಿನ ನಂತರ ಮೂರು ನಾಲ್ಕು ತಿಂಗಳ ವಿಶ್ರಾಂತಿ, ರೋಗದ ಟೊಂಗೆ ಕತ್ತರಿಸಿ ಸುಡುವುದು, ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸೋಂಕುನಿವಾರಕದಲ್ಲಿ ಅದ್ದುವುದು, ಬೋರ್ಡೋ ಲೇಪ. ನಂಜುರೋಗದಲ್ಲಿ ಹಿಡಿಯಬೇಕಾದುದು ಅದನ್ನು ಹೊತ್ತು ತರುವ ಕೀಟವನ್ನು. ಸೂರ್ಯಕಾಂತಿಯ ಹೊಲದ ಸುತ್ತ ಮೂರು ನಾಲ್ಕು ಸಾಲು ಜೋಳ, ಬಿತ್ತನೆಗೆ ಮುನ್ನ ಬೀಜೋಪಚಾರ, ಬದುವಿನ ಪಾರ್ಥೇನಿಯಂ ಕಿತ್ತೆಸೆಯುವುದು ಶಿಫಾರಸಿನಲ್ಲಿವೆ. ಎಲ್ಲಕ್ಕಿಂತ ಮೇಲಾದ ಉಪಾಯ ಬೀಜದಲ್ಲಿಯೇ ಇದೆ. ಗೊಡ್ಡು ರೋಗವನ್ನು ತಡೆಯುವ ಬಿಎಸ್‌ಎಂಆರ್-736 ತೊಗರಿ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ ಬೆಂಡೆ, ಎಲೆ ಮುಟುರು ವೈರಸ್ ಮತ್ತು ದುಂಡಾಣು ಸೊರಗು ಎರಡನ್ನೂ ತಾಳುವ ಅರ್ಕಾ ರಕ್ಷಕ್ ಟೊಮೆಟೊ ಇವೆಲ್ಲ ಈ ದಾರಿಯವು. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಬಲೆಮನೆಗಳಲ್ಲಿ ಸಂಕರಣ ಬೀಜೋತ್ಪಾದನೆಯ ಕುಶಲ ಕೈಗಳು ಈಗಾಗಲೇ ಇವೆ. ರೋಗ ತಾಳುವ ತಳಿಗಳ ಬೀಜವನ್ನು ಇಲ್ಲಿಯೇ ಬೆಳೆಸಿ, ಇಲ್ಲಿನ ಅಂಗಡಿಗಳಿಂದಲೇ ಮಾರುವ ವ್ಯವಹಾರಕ್ಕೆ ಬೇಕಾದ ಭೂಮಿ, ಜನ, ಗಿರಾಕಿ ಮೂರೂ ಈ ಜಿಲ್ಲೆಯಲ್ಲಿ ಲಭ್ಯ.